ಬೆನ್ನು ಮಾಡಿ ಕೂತ ಕಾಕಾ

ಕಾಕಾ ಬರಿಗಾಲಿನಲ್ಲಿ ಗಾಡಿ ಓಡಿಸುತ್ತಿದ್ದರು. ಹತ್ತುವ ಮೊದಲೇ ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿಬಿಡುತ್ತಿದ್ದರು. ಮೂವತ್ತು ವರ್ಷ ಜೀಪಿನ ಪೆಡಲು ತುಳಿದು ಬಲಗಾಲಿನ ಹೆಬ್ಬೆರಳು ಒಳಕ್ಕೆ ವಾಲಿ ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅಂಗಾಲಿನ ನಡುವೆ ರೂಪಾಯಿ ಅಗಲದ ಒಂದು ಕಪ್ಪು ಜಡ್ಡು. ಚಪ್ಪಲಿ ಯಾಕೆ ಬೇಡ ಎಂದು ಕೇಳಿದರೆ, "ಬ್ರೇಕ್ ಏನ್ ಹೇಳ್ತೈತಿ ಅಂತ ಕಾಲಿಗೆ ಕೇಳಬೇಕ್ರಿ ಬಾಯಾರ. ನಡುವ ಮತ್ತೊಂದ್ ಯಾಕ?" ಎನ್ನುತ್ತಿದ್ದರು. ಈಗ ಅವರನ್ನು ನೆನೆಸಿಕೊಂಡರೆ ನನಗೆ ಮೊದಲು ಆ ಕಾಲು ಕಾಣುತ್ತದೆ, ಆಮೇಲೆ ಬೆನ್ನು. ಮುಖ ಕೊನೆಗೆ ಬರುತ್ತದೆ.

ಹಾನಗಲ್ಲಿನ ದನದ ದವಾಖಾನೆಯಲ್ಲಿ ಅವರು ಜೀಪಿನ ಡ್ರೈವರ್ ಆಗಿದ್ದರು. ಹಿರೇಕೆರೂರು ತಾಲೂಕಿನವರು, ಹಂಸಭಾವಿ ಹತ್ತಿರದ ಹಳ್ಳಿ. ನೌಕರಿ ಮುಗಿದ ಮೇಲೂ ಖಾಕಿ ಪ್ಯಾಂಟು ಬಿಡಲಿಲ್ಲ, ಮೇಲೆ ಮಾತ್ರ ಬಿಳಿ ಅಂಗಿ ಬಂತು. ಊರಿಗೆಲ್ಲ ದವಾಖಾನಿ ಕಾಕಾ, ನನಗೆ ಬರೀ ಕಾಕಾ. ನಾನು ಅವರಿಗೆ ಬಾಯಾರು. ನಮ್ಮ ಕಡೆ ವೈಷ್ಣವರ ಮನೆಯ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಬೇಡ ಎಂದು ಎರಡು ಸಲ ಹೇಳಿದೆ. "ಆತು ಬಿಡ್ರಿ ಬಾಯಾರ" ಎಂದರು. ಮೂರನೆಯ ಸಲ ನಾನು ಹೇಳಲಿಲ್ಲ.

ನಮ್ಮ ಪರಿಚಯವಾದದ್ದು ನಾಯಿಗಳಿಂದ. ನನ್ನ ಯಜಮಾನರು ಹಾನಗಲ್ಲಿನ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು; ನಾನು ಶಿಗ್ಗಾವಿಯ ಬ್ಯಾಂಕಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮಗೆ ಮಕ್ಕಳಿಲ್ಲ. ಬೀದಿಯಲ್ಲಿ ಬಿದ್ದ ನಾಯಿಮರಿಗಳನ್ನು ಎತ್ತಿಕೊಂಡು ಬರುವುದು ಅವರ ಚಟ. ಮೊದಲು ಬಂದದ್ದಕ್ಕೆ ಅವ್ಯಯ ಎಂದು ಹೆಸರಿಟ್ಟರು. ಎರಡನೆಯದಕ್ಕೆ ಹಣೆಯ ಮೇಲೆ ಎರಡು ಚುಕ್ಕೆ, ಅದಕ್ಕೇ ವಿಸರ್ಗ. ಆಮೇಲೆ ಒಂದೇ ಚರಂಡಿಯಲ್ಲಿ ಮೂರು ಮರಿ ಸಿಕ್ಕವು: ಏಕವಚನ, ದ್ವಿವಚನ, ಬಹುವಚನ. ಸವಣೂರಿನಲ್ಲಿರುವ ನಮ್ಮ ಅತ್ತೆ ಹಣೆ ಚಚ್ಚಿಕೊಂಡರು. "ಅಜ್ಜ ವಿದ್ವಾಂಸ, ಅಪ್ಪ ವಿದ್ವಾಂಸ. ಇಂವ ನೋಡು, ನಾಯಿಗೆ ವ್ಯಾಕರಣ ಕಲಸ್ಲಿಕ್ಕತ್ತಾನ!"

ಕಾಕಾಗೆ ಆ ಹೆಸರುಗಳು ಬಾಯಿಗೆ ಹತ್ತಲಿಲ್ಲ. ಅವ್ವಯ್ಯ, ಇಸರ್ಗ, ಏಕ್ಯಾ, ದ್ಯಾವ್ಯಾ, ಬಾವ್ಯಾ ಎಂದು ತಮಗೆ ಬೇಕಾದ ಹಾಗೆ ಮಾಡಿಕೊಂಡರು. ವಿಚಿತ್ರವೆಂದರೆ ನಾಯಿಗಳು ಆ ಹೆಸರಿಗೇ ಬೇಗ ಓಡಿ ಬರುತ್ತಿದ್ದವು. ನಮ್ಮವರಿಗೆ ಇದರಿಂದ ಸ್ವಲ್ಪ ಬೇಸರವೂ ಆಗಿತ್ತು. ಪಾಣಿನಿಗೆ ನಾಯಿ ಸಾಕಿದ ಅನುಭವ ಇರಲಿಲ್ಲ ಬಿಡಿ ಎಂದು ನಾನು ಛೇಡಿಸಿದ್ದೆ.

ಮೊದಲ ಸಲ ಚುಚ್ಚುಮದ್ದಿಗೆ ಒಯ್ದ ದಿನ ಚೆನ್ನಾಗಿ ನೆನಪಿದೆ. ಡಾಕ್ಟರು ಸೂಜಿ ಹಿಡಿದು ನಿಂತಿದ್ದರು, ವಿಸರ್ಗ ಮೇಜಿನ ಕೆಳಗೆ ಹೊಕ್ಕು ಹಲ್ಲು ತೋರಿಸುತ್ತಿತ್ತು. ಹೊರಗೆ ಜೀಪು ಒರೆಸುತ್ತಿದ್ದ ಕಾಕಾ ಒಳಗೆ ಬಂದರು, ನಾಯಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತರು, ಪೇಪರ್ ಬಿಚ್ಚಿ ಗಟ್ಟಿಯಾಗಿ ಓದತೊಡಗಿದರು. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಧಾರಣೆ, ಟೆಂಡರ್ ನೋಟೀಸು, ಕಳೆದುಹೋದ ಮಾರ್ಕ್ಸ್ ಕಾರ್ಡಿನ ಜಾಹೀರಾತು. ಡಾಕ್ಟರು ಗಡಿಯಾರ ನೋಡಿಕೊಂಡರು. ಎರಡನೆಯ ಪುಟ ತಿರುವುವ ಹೊತ್ತಿಗೆ ವಿಸರ್ಗ ಹೊರಗೆ ಬಂದು ಅವರ ಕುತ್ತಿಗೆ ಮೂಸಿತು, ಹೆಗಲ ಮೇಲೆ ಗದ್ದ ಇಟ್ಟಿತು. ಓದುವುದನ್ನು ನಿಲ್ಲಿಸದೆಯೇ ಕೈ ಹಿಂದೆ ಚಾಚಿ ಹಿಡಿದುಕೊಂಡರು. ಸೂಜಿ ಚುಚ್ಚಿದ್ದು ನಾಯಿಗೇ ಗೊತ್ತಾಗಲಿಲ್ಲ.

"ಎದುರಿಗೆ ಬಂದವ್ರೆಲ್ಲಾ ಏನರೆ ಮಾಡಾಕಽ ಬಂದಿರ್ತಾರಂತ ಅದಕ್ಕ ಗೊತ್ತಿರತೈತ್ರಿ," ಎಂದರು ಆಮೇಲೆ. "ಬೆನ್ನಿಗೆ ಯಾವ ಪ್ರಾಣಿನೂ ಅಂಜೂದಿಲ್ಲ. ಬೆನ್ನ್ ಮಾಡಿ ಕುಂದರಬೇಕು, ತಾನಽ ಬರತೈತಿ. ಅವಸರ ಮಾಡಬಾರದು."

ನಮ್ಮವರು ಇದನ್ನು ಕೇಳಿ ಮರುಳಾದರು. ಒಂದು ದಿನ ಕ್ಲಾಸಿನಲ್ಲಿ ಬೋರ್ಡಿನ ಕಡೆಗೇ ಮುಖ ಮಾಡಿ ಅರ್ಧ ಗಂಟೆ ಪಾಠ ಹೇಳಿ ನೋಡಿದರು. ವಿದ್ಯಾರ್ಥಿಗಳು ಹಿಂದಿನ ಬಾಗಿಲಿನಿಂದ ಒಬ್ಬೊಬ್ಬರೇ ಪರಾರಿಯಾದರು.

ನನಗೆ ಬಡ್ತಿಯಾಗಿ ನಾಗಪುರಕ್ಕೆ ವರ್ಗವಾಯಿತು. ಹಾನಗಲ್ಲಿನಿಂದ ಹತ್ತಿರ ಹತ್ತಿರ ಸಾವಿರ ಕಿಲೋಮೀಟರು. ನಮ್ಮವರ ನೌಕರಿ ಮುಗಿಯಲು ಆರು ತಿಂಗಳಿತ್ತು. ರಜೆ ಹಾಕಿ ಬಂದುಬಿಡುತ್ತೇನೆ ಎಂದರು. ನಾಯಿಗಳ ವಿಷಯದಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. "ಐದೂ ಬರ್ತಾವ. ಕಾರಿನಾಗ ಎರಡು ದಿನದ ದಾರಿ, ಅಷ್ಟಽ," ಎಂದು ಒಂದು ಹಾಳೆಯ ಮೇಲೆ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ನಾಂದೇಡ, ಯವತಮಾಳ ಎಂದು ಬರೆದು ಗೆರೆ ಎಳೆದು ಫ್ರಿಜ್ಜಿಗೆ ಅಂಟಿಸಿದರು. ಅದಾದ ಒಂದು ವಾರಕ್ಕೆ, ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಬಾಯಲ್ಲಿ ಪೇಸ್ಟಿನ ನೊರೆ ಇತ್ತು. ನಾನು ಒರೆಸಿದೆ.

ನನಗೆ ಅಳು ಬರಲಿಲ್ಲ. ತಡೆದುಕೊಂಡೆ ಅಂತಲ್ಲ, ಬರಲೇ ಇಲ್ಲ. ಹದಿಮೂರು ದಿನ ಜನ ಬಂದು ನನ್ನ ಮುಖದಲ್ಲಿ ಏನೋ ಹುಡುಕಿ, ಸಿಗದೆ, ಚಹಾ ಕುಡಿದು ಹೋದರು. ಕಲ್ಲುಮನಸ್ಸಿನವಳು ಎಂದು ಯಾರೋ ಹಿತ್ತಲಲ್ಲಿ ಹೇಳಿದ್ದು ಕೇಳಿಸಿತು. ಕೇಳಿಸಿದ್ದಕ್ಕೂ ಏನೂ ಆಗಲಿಲ್ಲ. ವರ್ಗ ರದ್ದು ಮಾಡಿಸಬಹುದಿತ್ತು. ಅರ್ಜಿ ಬರೆದರೆ ಕಾರಣ ಎಂಬ ಜಾಗದಲ್ಲಿ ಕಾರಣ ಬರೆಯಬೇಕು. ಬರೆಯಲಿಲ್ಲ. ಹೋಗುವ ತಾರೀಕು ಬರುತ್ತಿತ್ತು, ಬರಲಿ ಎಂದು ಕೂತಿದ್ದೆ.

ಐದನೆಯ ದಿನ ಕಾಕಾ ಊರಿನಿಂದ ಬಸ್ಸು ಹತ್ತಿ ಬಂದರು. ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತರು. ಐದೂ ನಾಯಿ ಅವರ ಸುತ್ತ ಬಿದ್ದುಕೊಂಡವು. ಒಂದು ತಾಸು ಕೂತು ಎದ್ದು ಹೋದರು. ಮರುದಿನವೂ ಬಂದರು. ಏಳನೆಯ ದಿನವೋ ಎಂಟನೆಯ ದಿನವೋ ನಾನೇ ಹೋಗಿ ಬಾಗಿಲ ಬಳಿ ನಿಂತೆ. ಅವರು ತಿರುಗಿ ನೋಡದೆಯೇ ಕೇಳಿದರು: "ನಾಗಪುರಕ್ಕ ಯಾವಾಗ್ರಿ ಹೊರಡೂದು?"

"ಗೊತ್ತಿಲ್ರಿ ಕಾಕಾ. ನಾಯಿ ಏನು ಮಾಡಬೇಕು ತಿಳೀವಲ್ದು."

"ಗಾಡಿ ನಾ ಹೊಡೀತೇನಿ. ನಿಮ್ಮ ಸಲುವಾಗಿ ಅಷ್ಟಽ ಅಲ್ಲ, ನನಗೂ ಅಲ್ಲಿ ಕೆಲಸ ಐತಿ. ದೀಕ್ಷಾಭೂಮಿ ನೋಡಬೇಕು."

ಕಾಕಾನ ಮನೆಯವರು ಬೌದ್ಧರು. ಒಂದು ದಸರೆಯ ದಿನ ಲಕ್ಷಗಟ್ಟಲೆ ದಲಿತರು ಬೌದ್ಧ ದೀಕ್ಷೆ ತೆಗೆದುಕೊಂಡ ನಾಗಪುರದ ದೀಕ್ಷಾಭೂಮಿ, ಅಲ್ಲಿಯ ದೊಡ್ಡ ಸ್ತೂಪ, ಬೋಧಿವೃಕ್ಷವೆಂದು ಪೂಜಿಸುವ ಅರಳಿ ಮರ, ಜೀವನದಲ್ಲಿ ಒಮ್ಮೆಯಾದರೂ ಕಂಡು ಬರಬೇಕೆಂದು ಅವರಲ್ಲಿ ಎಲ್ಲರಿಗೂ ಇರುತ್ತದಂತೆ. ಪ್ರತಿ ವರ್ಷ ದಸರೆಯ ಹೊತ್ತಿಗೆ ಅವರ ಊರಿನಿಂದ ಗಾಡಿ ಹೊರಡುತ್ತದೆ. ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕುವ ಕೆಲಸ ಹೆಚ್ಚಾಗಿ ಅದೇ ಹೊತ್ತಿಗೆ ಬೀಳುತ್ತಿತ್ತು, ಜೀಪಿನ ಡ್ರೈವರನಿಗೆ ರಜೆ ಎಲ್ಲಿಯದು? ನಿವೃತ್ತಿಯಾದ ಮೇಲೆ ಹೆಂಡತಿಯ ಮೊಣಕಾಲು ಹಿಡಿಯಿತು. "ನಮ್ಮಪ್ಪನೂ ಹೋಗಬೇಕಂತಿದ್ದ, ಆಗಲಿಲ್ಲ. ನಂದರೆ ಆಗಲಿ," ಎಂದರು. ನಾನು ಹೂಂ ಎಂದೆ.

ಮರುವಾರದಿಂದ ತಯಾರಿ ನಡೆಯಿತು. ನಮ್ಮವರ ಹಳೆಯ ಏಳು ಸೀಟಿನ ಕಾರಿನ ಹಿಂದಿನ ಸೀಟುಗಳನ್ನು ಕಾಕಾ ಬಿಚ್ಚಿ ಹಾಕಿದರು. ನಮ್ಮವರ ಧೋತರ, ಅಂಗಿ ಎಲ್ಲ ಗಂಟು ಕಟ್ಟಿಕೊಂಡು ಊರಿಗೆ ಒಯ್ದು ಹೆಂಡತಿಯ ಕೈಯಲ್ಲಿ ದೊಡ್ಡದೊಂದು ಕೌದಿ ಹೊಲಿಸಿ ತಂದರು. ತೊಳೆಯಬೇಡ ಎಂದು ಹೇಳಿ ಹೊಲಿಸಿದ್ದರಂತೆ. ಅದನ್ನು ಕಾರಿನೊಳಗೆ ಹಾಸಿದಾಗ ಅವ್ಯಯ, ಹದಿನಾಲ್ಕು ವರ್ಷದ ಕುರುಡು ನಾಯಿ, ಮೂಸುತ್ತ ಮೂಸುತ್ತ ಒಂದು ಮೂಲೆ ಹುಡುಕಿಕೊಂಡು ಮಲಗಿತು. ನಾನು ಅತ್ತ ನೋಡಲಿಲ್ಲ. ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿದರು: ಮೊದಲ ದಿನ ಅಕ್ಕಿಆಲೂರಿನ ತನಕ, ಮರುದಿನ ದುಂಡಸಿಯ ತನಕ. ತಿರುಗಿ ಬಂದ ಮೇಲೆ ಹಾಜರಿ ಕರೆಯುತ್ತಿದ್ದರು. "ಅವ್ವಯ್ಯ, ಇಸರ್ಗ, ಏಕ್ಯಾ, ದ್ಯಾವ್ಯಾ, ಬಾವ್ಯಾ. ಐದೂ ಹಾಜರ್!"

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಎಲ್ಲರೂ ಹೇಳಿ ಹೇಳಿ, ಮೂರು ಸಣ್ಣ ನಾಯಿಗಳನ್ನು ಹಿರೇಬೆಂಡಿಗೇರಿಯಲ್ಲಿ ಪರಿಚಯದವರ ಹೊಲದಲ್ಲಿ ಬಿಡುವುದೆಂದು ನಾನು ಒಪ್ಪಿಬಿಟ್ಟಿದ್ದೆ. ದೊಡ್ಡ ಹೊಲ, ಒಳ್ಳೆಯ ಜನ, ಕೂಳಿಗೆ ಕೊರತೆಯಿಲ್ಲ. ಕಾಕಾಗೆ ಹೇಳಿದೆ. ಅವರು ಗಾಡಿ ತೆಗೆದರು. ಹೊಲದ ಬದುವಿನ ಮೇಲೆ ನಾಯಿಗಳನ್ನು ಇಳಿಸಿದೆವು. ಮೂರೂ ಹರಗಿ ಬಿಟ್ಟ ಹೊಲದೊಳಗೆ ಓಡಿ, ಹೊರಳಾಡಿ, ಮೈಗೆಲ್ಲ ಎರೆಮಣ್ಣು ಮೆತ್ತಿಕೊಂಡವು. ನಾನು ಬಂದು ಕಾರಿನಲ್ಲಿ ಕೂತೆ. ಹೋಗೋಣ ಎಂದೆ. ಕಾಕಾ ಬಂದು ಹತ್ತಲಿಲ್ಲ. ಕಾರಿನ ಮುಂದೆ ನನಗೆ ಬೆನ್ನು ಮಾಡಿ ನೆಲದ ಮೇಲೆ ಕೂತುಬಿಟ್ಟರು.

ಬಹಳ ಹೊತ್ತು ಕೂತಿದ್ದರು. ಬಿಸಿಲು ಏರುತ್ತಿತ್ತು. ಮೂರು ನಾಯಿಗಳು ಆಡಿ ದಣಿದು ಬಂದು ಕಾರಿನ ಬಾಗಿಲ ಬಳಿ ನಿಂತವು. ತೆಗೆ ಎನ್ನುವ ಹಾಗೆ ಬಹುವಚನ ಬಾಗಿಲು ಕೆರೆಯಿತು. ಆಗ ಕಾಕಾ ಅಲ್ಲಿಂದಲೇ ಕೇಳಿದರು: "ಹತ್ತಸೂದೋ, ಬಿಡೂದೋ ಬಾಯಾರ? ನೀವು ಹೆಂಗಂತೀರಿ ಹಂಗ."

"ಹತ್ತಸ್ರಿ," ಎಂದೆ. ಯಾಕೆ ಎಂದೆನೋ ನನಗೇ ತಿಳಿಯದು. ಪ್ರೀತಿ ಉಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಐದು ಎಂದು ನಮ್ಮವರು ಬರೆದಿದ್ದರು, ಐದೇ ಹೋಗಲಿ ಎನ್ನಿಸಿತು. ಅವತ್ತಿನಿಂದ ಐದನ್ನೂ ನಾಗಪುರ ಮುಟ್ಟಿಸುವುದು ಒಂದೇ ಕೆಲಸ ಎಂದು ತಲೆಯಲ್ಲಿ ಕೂತಿತು. ಉಳಿದದ್ದನ್ನು ಆಮೇಲೆ ನೋಡೋಣ.

ಹೊರಟದ್ದು ಮೇ ತಿಂಗಳ ಕೊನೆಯಲ್ಲಿ. ಬೆಳಿಗ್ಗೆ ನಾಯಿಗಳಿಗೆ ನೀರಲ್ಲದೆ ಏನೂ ಕೊಡಲು ಕಾಕಾ ಬಿಡಲಿಲ್ಲ. ಹಸಿದ ಹೊಟ್ಟೆಗೆ ವಾಂತಿ ಇಲ್ಲವಂತೆ. ಅತ್ತೆಗೆ ನಮಸ್ಕಾರ ಮಾಡಿ ಹೋಗಬೇಕೆಂದು ಮೊದಲು ಸವಣೂರಿಗೆ ತಿರುಗಿಸಿದೆವು. ನಾಯಿ ಇದ್ದ ಕಾರು ಗೇಟಿನ ಹೊರಗೇ ನಿಂತಿತು, ಕಾಕಾ ಬೇವಿನ ಗಿಡದ ಕೆಳಗೆ. ನಾನು ನಡುಮನೆಯಲ್ಲಿ ಅತ್ತೆಯ ಎದುರು ಕೂತಿದ್ದೆ. ನನಗೆ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಕಿಟಕಿಯಿಂದ ನೋಡಿದರೆ, ನಮ್ಮ ಭಾವ ಕಾಕಾಗೆ ಪೇಪರ್ ಕಪ್ಪಿನಲ್ಲಿ ಚಹಾ ಒಯ್ದು ಕೊಡುತ್ತಿದ್ದರು. ಆ ಮನೆಯಲ್ಲಿ ಪೇಪರ್ ಕಪ್ಪಿನ ಕಟ್ಟು ಯಾಕೆ ಇರುತ್ತದೆ ಎಂದು ನನಗೆ ಇಪ್ಪತ್ತು ವರ್ಷದಿಂದ ಗೊತ್ತು. ಎದ್ದು ಹೋಗಿ ಅವರ ಪಕ್ಕ ಕೂತು ನಾನೂ ಕುಡಿಯಬಹುದಿತ್ತು. ಏಳಲಿಲ್ಲ. ಗಂಡ ಸತ್ತ ದುಃಖ ಎಂದು ನೆಪ ಹೇಳಬಹುದು, ಆದರೆ ಅವರಿದ್ದಾಗಲೂ ನಾನು ಎದ್ದವಳಲ್ಲ.

ಕಾರು ಶಿಗ್ಗಾವಿ ದಾಟಿದ ಮೇಲೆ, "ಚಹಾ ಕುಡದ್ರಿಲ್ಲೋ ಕಾಕಾ?" ಎಂದು ಕೇಳಿದೆ. ಏನಾದರೂ ಕೇಳಬೇಕಾಗಿತ್ತು.

"ಆತು ಬಿಡ್ರಿ. ಬಿಸಿ ಇತ್ತು," ಎಂದರು.

ದಾರಿಯುದ್ದಕ್ಕೂ ಅವರು ಎರಡು ತಾಸಿಗೊಮ್ಮೆ ನಿಲ್ಲಿಸಿದರು. ಒಂದೊಂದೇ ನಾಯಿಯನ್ನು ಹಗ್ಗ ಹಿಡಿದು ಇಳಿಸಿ, ನೀರು ಕುಡಿಸಿ, ಹತ್ತಿಸಿ, ಹಾಜರಿ ಕರೆದು ಮುಂದೆ ಹೊರಡುವುದು. ನಾನು ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದೆ. ಕೃಷ್ಣೆಯ ಸೇತುವೆ ಬಂತು, ಹೋಯಿತು. ವಿಜಯಪುರದಲ್ಲಿ ಊಟ ಮಾಡಿದೆವಂತೆ, ನನಗೆ ನೆನಪಿಲ್ಲ. ಕಾಕಾ ಸಮಾಧಾನದ ಒಂದು ಮಾತೂ ಆಡಲಿಲ್ಲ. ರಸ್ತೆಯ ಬೋರ್ಡುಗಳನ್ನು ಗ್ರಾಮ, ಕಿಲೋಮೀಟರು ಸಮೇತ ಗಟ್ಟಿಯಾಗಿ ಓದುತ್ತಿದ್ದರು, ಅಷ್ಟೇ. ಮಹಾರಾಷ್ಟ್ರ ಬಂದ ಮೇಲೆ ಮರಾಠಿ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ತಪ್ಪು ತಪ್ಪಾಗಿ ಓದಿದರು. ಸೊಲ್ಲಾಪುರದ ಆಚೆ ಒಂದು ಢಾಬಾದ ಹಿಂದೆ ಇಳಿದುಕೊಂಡು, ಬೆಳಿಗ್ಗೆ ಬೇಗ ಮತ್ತೆ ಹೊರಟೆವು.

ನಾಂದೇಡ ದಾಟಿದ ಮೇಲೆ ಅವ್ಯಯ ನೀರು ಕುಡಿಯುವುದನ್ನೂ ಬಿಟ್ಟಿತು. ನಾಲಿಗೆ ಬಿಳಿಚಿಕೊಂಡು ಹೊರಗೆ ಬಿದ್ದಿತ್ತು. ಹೊರಗೆ ಬೆಂಕಿಯಂಥ ಬಿಸಿಲು, ಕಾರಿನ ಎ.ಸಿ. ಸೋತುಹೋಗಿತ್ತು. ಕಾಕಾ ಗಾಡಿಯನ್ನು ಒಂದು ಬೇವಿನ ಮರದ ಕೆಳಗೆ ಹಾಕಿ, ಕೌದಿಯ ಅಂಚು ನೆನೆಸಿ ಅದರ ಹೊಟ್ಟೆಯ ಮೇಲೆ ಹೊದಿಸಿದರು. ಬೆರಳಿನಿಂದ ಹನಿ ಹನಿ ನೀರು ನಾಲಿಗೆಗೆ ಇಟ್ಟರು. ಎರಡು ತಾಸು ಅಲ್ಲೇ ಕಳೆಯಿತು.

"ಸಾಯ್ತದೇನ್ರಿ?" ಎಂದು ಕೇಳಿದೆ. ಹವಾಮಾನ ಕೇಳಿದಂತೆ ಕೇಳಿದೆ.

"ದಾರ್ಯಾಗ ಸಾಯೂದಿಲ್ಲ ಇದು. ಎಲ್ಲಾರೂ ಎಲ್ಲಿಗೆ ಮುಟ್ಟಿದ್ರು ಅಂತ ನೋಡಿ ಹೊಕ್ಕೈತಿ."

ಸಂಜೆಗೆ ಮುಟ್ಟಿದೆವು. ನೆಲಮಹಡಿಯ ಬಾಡಿಗೆ ಮನೆ, ಹಿಂದೆ ಸ್ವಲ್ಪ ಖಾಲಿ ಜಾಗ, ಗೇಟಿನ ಎದುರು ಒಂದು ಅರಳಿ ಮರ. ಹಾಜರಿ ಆಯಿತು, ಐದೂ ಇದ್ದವು. ಕೆಲಸ ಮುಗಿಯಿತು ಎನ್ನಿಸಿತು. ಬರೀ ನೆಲದ ಮೇಲೆ ಮಲಗಿದೆ. ಆಮೇಲೆ ಏಳಲಿಲ್ಲ.

ಎರಡು ದಿನ ಹಾಗೇ ಬಿದ್ದಿದ್ದೆ. ಕಾಯಿಲೆಯೇನೂ ಇರಲಿಲ್ಲ, ಏಳಲು ಕಾರಣ ಸಿಗಲಿಲ್ಲ. ಕಣ್ಣು ಬಿಟ್ಟಾಗಲೆಲ್ಲ ಬಾಗಿಲಲ್ಲಿ ಒಂದು ಬಿಳಿ ಅಂಗಿಯ ಬೆನ್ನು ಕಾಣುತ್ತಿತ್ತು, ಅದರ ಸುತ್ತ ನಾಯಿಗಳು. ಕಾಕಾ ಹೊಸ್ತಿಲ ಮೇಲೆ ನನಗೆ ಬೆನ್ನು ಮಾಡಿ ಕೂತು, ದಾರಿಯಲ್ಲಿ ಸಾಮಾನು ಸುತ್ತಿದ್ದ ಹಳೆಯ ಪೇಪರ್ ಓದುತ್ತಿದ್ದರು. ಯಾವ ಊರಿನಲ್ಲಿ ಯಾವ ಬ್ಯಾಂಕಿನ ಹರಾಜು, ಎಷ್ಟು ಗುಂಟೆ ಜಮೀನು. ಏಳಿ ಎಂದು ಒಮ್ಮೆಯೂ ಹೇಳಲಿಲ್ಲ. ಊರಿನಿಂದ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ ಒಂದು ಬೋಗುಣಿ ನನ್ನ ತಲೆಯ ಹತ್ತಿರ ಇಟ್ಟು ಹೋಗಿ ಕೂರುತ್ತಿದ್ದರು. ಮೊದಲ ದಿನ ಮುಟ್ಟಲಿಲ್ಲ. ಎರಡನೆಯ ದಿನ ತಿಂದೆ. ಅವರು ತಿರುಗಿ ನೋಡಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅವ್ಯಯ ಸತ್ತಿತು. ಹಿತ್ತಲಲ್ಲಿ ಕಾಕಾ ಒಬ್ಬರೇ ಗುಂಡಿ ತೋಡಿದರು. ಕಲ್ಲುನೆಲ, ಸಂಜೆಯವರೆಗೆ ಹಾರೆಯ ಸದ್ದು ಕೇಳುತ್ತಿತ್ತು. ನಾನು ಗೋಡೆಗೆ ಒರಗಿ ಕೂತು ಅದನ್ನು ಕೇಳಿದೆ. ಮೂರನೆಯ ದಿನ ಬೆಳಿಗ್ಗೆ ಅವರಿಗೆ ರೈಲು. ಅವತ್ತು ನಾನು ಎದ್ದು ಮುಖ ತೊಳೆದಿದ್ದೆ. ಅವರು ಗೇಟಿನ ಬಳಿ ಚೀಲ ಹೆಗಲಿಗೆ ಹಾಕಿಕೊಂಡಾಗ ಕೇಳಿದೆ: "ದೀಕ್ಷಾಭೂಮಿ ಆತೇನ್ರಿ ಕಾಕಾ?"

"ಆತು ಬಿಡ್ರಿ," ಎಂದರು.

ಕೆಲಸ ಮುಗಿದರೂ ನಮ್ಮ ಕಡೆ ಆತು ಬಿಡ್ರಿ ಎನ್ನುತ್ತಾರೆ, ಕೆಲಸ ಕೈಬಿಟ್ಟರೂ ಆತು ಬಿಡ್ರಿ ಎನ್ನುತ್ತಾರೆ. ಎರಡಕ್ಕೂ ರಾಗ ಬೇರೆ, ಕೇಳಿದವರಿಗೆ ತಪ್ಪುವುದಿಲ್ಲ. ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು. ಅವತ್ತು ನಾನು ನನಗೆ ಸುಲಭವಾದ ಅರ್ಥ ತೆಗೆದುಕೊಂಡೆ. ಒಳ್ಳೆಯದಾಯಿತು ಎಂದೆ. ಎರಡು ದಿನ ಬಾಗಿಲಲ್ಲೇ ಕೂತಿದ್ದ ಮನುಷ್ಯ ಯಾವಾಗ ಹೋಗಿ ಬಂದಾರು ಎಂದು ಲೆಕ್ಕ ಹಾಕಲಿಲ್ಲ. ಅವರು ರಸ್ತೆ ದಾಟಿ, ಅರಳಿ ಮರದ ಕೆಳಗೆ ಬಗ್ಗಿ ಒಂದು ಎಲೆ ಆರಿಸಿ, ಅಂಗಿಗೆ ಒರೆಸಿ, ಪೇಪರಿನ ಮಡಿಕೆಯೊಳಗೆ ಇಟ್ಟುಕೊಂಡರು. ಅದನ್ನೂ ನೋಡಿದೆ. ಗೇಟು ಹಾಕಿಕೊಂಡು ಒಳಗೆ ಬಂದೆ.

ಆಮೇಲೆ ಪ್ರತಿ ಭಾನುವಾರ ಅವರ ಫೋನು ಬರುತ್ತಿತ್ತು. "ಹಾಜರಿ ಹೇಳ್ರಿ ಬಾಯಾರ," ಎನ್ನುತ್ತಿದ್ದರು. "ನಾಲ್ಕೂ ಹಾಜರ್ ರಿ ಕಾಕಾ," ಎನ್ನುತ್ತಿದ್ದೆ. ನೀವು ಹೇಗಿದ್ದೀರಿ ಎಂದು ಅವರು ನನ್ನನ್ನು ಕೇಳುತ್ತಿರಲಿಲ್ಲ, ನಾನು ಅವರನ್ನು ಕೇಳುತ್ತಿರಲಿಲ್ಲ. ಆ ಫೋನು ಬರುತ್ತದೆಂದು ಭಾನುವಾರ ಹೊತ್ತಿಗೆ ಸರಿಯಾಗಿ ನಾಯಿಗಳಿಗೆ ಅನ್ನ ಬೇಯಿಸುತ್ತಿದ್ದೆ. ಹಾಗೆ ನಾನೂ ಉಣ್ಣುವುದು ರೂಢಿಯಾಯಿತು. ಏಳು ತಿಂಗಳು ಹೀಗೆ ಹೋಯಿತು. ಒಂದು ಭಾನುವಾರ ಫೋನು ಬರಲಿಲ್ಲ. ಬುಧವಾರ ಅವರ ಮಗಳ ಫೋನು ಬಂತು. ಜ್ವರ ಎಂದು ಮಲಗಿದವರು ಮೂರು ದಿನಕ್ಕೆ ಹೋಗಿಬಿಟ್ಟಿದ್ದರು.

"ಪುಣ್ಯಾನುಮೋದನಾ ಇಟ್ಟೇವ್ರಿ ಅಕ್ಕಾರ," ಎಂದಳು ಮಗಳು. ತೀರಿಕೊಂಡವರ ಹೆಸರಿನಲ್ಲಿ ಬೌದ್ಧರು ಮಾಡುವ ಕಾರ್ಯ ಅದು. "ದೀಕ್ಷಾಭೂಮಿಯೊಳಗ ಅಪ್ಪನ ಫೋಟೋ ತಗದಿದ್ರ ಕಳಸ್ರಿ. ಅಲ್ಲಿಂದ ತಂದ ಎಲಿ ಅವ್ವ ಫ್ರೇಮ್ ಹಾಕಿಸ್ಯಾಳ, ಅದರ ಜೋಡಿ ಇಡ್ತೇವಿ."

ಫೋನು ಹಿಡಿದು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತೆ. ಯಾವ ಎಲೆ ಎಂದು ನನಗೆ ಆಗ ತಿಳಿಯಿತು. ನಾಯಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ರೈಲು ಹತ್ತಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಬಸ್ಸುಗಳನ್ನು ಬದಲಿಸಿ ಅವರ ಊರಿಗೆ ಹೋದೆ. ಎರಡು ಕೋಣೆಯ ಮನೆ, ಸುಣ್ಣ ಹೊಸದು. ಬುದ್ಧನ ಪಟದ ಕೆಳಗೆ ಕಾಕಾನ ಫೋಟೋ, ಅದರ ಕೆಳಗೆ ಗಾಜಿನೊಳಗೆ ಅರಳಿ ಎಲೆ. ಬಂದವರೆಲ್ಲ ಫೋಟೋಕ್ಕೆ ಹೂ ಹಾಕಿ ಎಲೆಗೂ ಕೈ ಮುಗಿಯುತ್ತಿದ್ದರು.

ಕಾಕು, ಅವರ ಹೆಂಡತಿ, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಜೀವಮಾನದಾಗ ಒಂದಽ ಆಶಾ ಇತ್ರಿ ಅವರ್ದು. ನಿಮ್ಮಿಂದ ತೀರಿತು. ನಾ ಕೇಳಿದ್ರ ನಾಗಪುರದ ಎಲಿ ಐತಿ ತಗೋ, ಆತು ಬಿಡು ಅಂದ್ರು. ಹೆಚ್ಚಿಗೆ ಹೇಳಲಿಲ್ಲ. ಒಳಗ ಹ್ವಾದಾಗ ಏನಂದ್ರು? ನೀವೂ ಜೋಡಿ ಇದ್ರೇನು?"

ಹೌದು ಎಂದುಬಿಡಬಹುದಿತ್ತು. ರೈಲಿನಲ್ಲಿ ಅದನ್ನೇ ಯೋಚಿಸಿಕೊಂಡು ಬಂದಿದ್ದೆ. ಆದರೆ ಹಾಗೆ ಅಂದರೆ ಅವರು ನನಗಾಗಿ ಬಿಟ್ಟುಕೊಟ್ಟದ್ದು ಇಲ್ಲವೇ ಇಲ್ಲ ಎಂದಾಗುತ್ತಿತ್ತು. ಅದನ್ನೂ ನಾನೇ ನುಂಗಿಹಾಕಿದಂತೆ.

"ಇಲ್ರಿ ಕಾಕು," ಎಂದೆ. "ಅವರು ಹೋಗಲೇ ಇಲ್ಲ. ನಾ ಎರಡು ದಿನ ಎದ್ದಿರಲಿಲ್ಲ. ನನ್ನ ಕಾಯ್ಕೋತ, ನಾಯಿ ಕಾಯ್ಕೋತ ಮನ್ಯಾಗ ಕೂತ್ರು. ಆ ಎಲಿ ನಮ್ಮ ಗೇಟಿನ ಮುಂದಿನ ಗಿಡದ್ದು."

ಚಹಾ ಕೊಡುತ್ತಿದ್ದ ಮಗಳು ತಾಟು ಕೆಳಗಿಟ್ಟಳು. ಕಾಕು ನನ್ನ ಕೈ ಬಿಟ್ಟರು. ಎಲೆಯ ಕಡೆ ನೋಡಿದರು, ಫೋಟೋದ ಕಡೆ ನೋಡಿದರು.

"ಹೇಳಬಾರದಿತ್ರಿ ನೀವು," ಎಂದರು.

"ಹೌದ್ರಿ," ಎಂದೆ.

ಊಟಕ್ಕೆ ಬಡಿಸಿದರು. ಹೋಳಿಗೆ ಬೇಕೇ ಎಂದು ಕೇಳದೆ ಹಾಕಿದರು, ಬೇಡ ಎನ್ನದೆ ತಿಂದೆ. ಎಲೆಯನ್ನು ಯಾರೂ ತೆಗೆಯಲಿಲ್ಲ. ಬಸ್ಸಿಗೆ ಹೊರಟು ಅಂಗಳ ದಾಟುವಾಗ ಹಿಂದಿನಿಂದ ಕಾಕು ಕೂಗಿದರು.

"ಈಗ ನಾನಽ ಹೋಗಬೇಕಾತು ನೋಡ್ರಿ. ಅವರ್ದು ನಾ ಮಾಡಬೇಕು. ಆ ನಾಯಿಗೋಳು ಇನ್ನೂ ಅದಾವಿಲ್ಲೋ?"

"ನಾಲ್ಕು ಅವ ರಿ."

"ಅವನ್ನೂ ಕರಕೊಂಡ ಬರ್ರಿ ಅಲ್ಲಿಗೆ. ನಮ್ಮವರ್ನ ಹಿಡದ ಇಟ್ಟಾವು ಯಾವು ಅಂತ ಒಂದ್ ಸಲ ನೋಡತೇನಿ."

ಕಳೆದ ತಿಂಗಳು ಕಾಕು ಮತ್ತು ಮಗಳು ರೈಲಿನಲ್ಲಿ ಬಂದರು. ಅಷ್ಟರಲ್ಲಿ ಕಾರು ಓಡಿಸುವುದು ಕಲಿತಿದ್ದ ನಾನು ನಾಯಿಗಳನ್ನು ಹಾಕಿಕೊಂಡು ಅವರನ್ನು ದೀಕ್ಷಾಭೂಮಿಗೆ ಕರೆದುಕೊಂಡು ಹೋದೆ. ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರು, ಹತ್ತು ನಿಮಿಷದ ದಾರಿ. ಕಾಕು ಗೇಟಿನ ಬಳಿ ನಾಲ್ಕೂ ನಾಯಿಗಳನ್ನು ಒಂದೊಂದಾಗಿ ನೋಡಿದರು. ಮುಟ್ಟಲಿಲ್ಲ, ಬೈಯಲೂ ಇಲ್ಲ. "ನೀವು ಬರ್ರಿ ಒಳಗ, ಮಗಳು ಹಿಡಕೋತಾಳ," ಎಂದರು.

"ನೀವು ಹೋಗ್ರಿ ಕಾಕು. ನಾ ಹೊರಗ ಇರ್ತೀನಿ," ಎಂದೆ.

ಅವರು ಮಗಳ ಹೆಗಲು ಹಿಡಿದು, ಹತ್ತು ಹೆಜ್ಜೆಗೊಮ್ಮೆ ಮೊಣಕಾಲು ಒತ್ತಿಕೊಳ್ಳುತ್ತ, ಬಿಳಿಯ ಗುಮ್ಮಟದ ಕಡೆಗೆ ನಡೆದರು. ನಾನು ನಾಲ್ಕು ಹಗ್ಗಗಳನ್ನು ಎರಡು ಕೈಗೆ ಸುತ್ತಿಕೊಂಡು ರಸ್ತೆಯ ಬದಿಯ ಬಿಸಿಲಿನಲ್ಲಿ ನಿಂತೆ. ಅವರು ಬಾಗಿಲು ದಾಟಿ ಒಳಗೆ ಹೋಗುವುದು ಕಾಣಿಸಿತು. ಆಗ ನನಗೆ ಅಳು ಬಂತು. ನಮ್ಮವರಿಗೋ, ಕಾಕಾಗೋ ಎಂದು ವಿಂಗಡಿಸಲು ಹೋಗಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.